ಚಿಂದಿಯೂ ಚೆಂದವೂ

ಒಂದು ಕೃತಿಯ ಬೆಲೆಗಟ್ಟುವಾಗ ನಾವು ಅದರಲ್ಲಿ ಏನಿದೆಯೆಂಬುದನ್ನಷ್ಟೇ ನೋಡುತ್ತೇವೆ. ಅದನ್ನು ಮಾಡುವಾಗ ಏನು ಹೊರಬಿತ್ತು, ಬಿದ್ದದ್ದು ಎಲ್ಲಿಗೆ ಹೋಯಿತು ಎಂದು ಕೇಳುವುದಿಲ್ಲ. ಕಾವ್ಯದ ಮಟ್ಟಿಗೆ ಈ ಮರೆವು ಕ್ಷಮ್ಯ. ಕವಿ ಹೊಡೆದುಹಾಕಿದ ಸಾಲುಗಳಿಂದ ಯಾರ ಹೊಲವೂ ಹಾಳಾಗುವುದಿಲ್ಲ. ಆದರೆ ಕಲ್ಲು, ಮರ, ಲೋಹ, ಬಟ್ಟೆಗಳಲ್ಲಿ ಕೆಲಸ ಮಾಡುವವರ ಕಲೆಯನ್ನು ವಿಮರ್ಶಿಸುವಾಗ ಆ ಪ್ರಶ್ನೆಯನ್ನು ಬಿಟ್ಟರೆ ವಿಮರ್ಶೆ ಅರ್ಧಕ್ಕೇ ನಿಂತಂತೆ ಎಂದು ನನಗೆ ತೋರುತ್ತದೆ. ಈ ಮಾತನ್ನು ಒರೆಗೆ ಹಚ್ಚಲು ದೂರ ಹೋಗಬೇಕಾಗಿಲ್ಲ. ನಾನು ಕನ್ನಡ ಪಾಠ ಹೇಳಿಕೊಂಡಿರುವ ದಾವಣಗೆರೆಯೂ, ಸುಮಾರು ಮೂರು ಹರದಾರಿ ದೂರದ ಹರಿಹರವೂ ಸಾಕು.

ಹರಿಹರೇಶ್ವರ ದೇವಾಲಯವನ್ನು 1224ರ ಸುಮಾರಿನಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು ಕಟ್ಟಿಸಿದನು. ಅದರ ಮಂಟಪದ ಕಂಬಗಳು ತಿರುಗಣೆಗೆ ಕೊಟ್ಟು ಕಡೆದವು. ಬಳೆ ಬಳೆಯಾಗಿ, ನುಣುಪಾಗಿ ನಿಂತಿವೆ. ಬಳಪದ ಕಲ್ಲು ನೆಲದಿಂದ ತೆಗೆದಾಗ ಮೆದು, ಗಾಳಿಗೆ ಒಡ್ಡಿದಂತೆ ಗಟ್ಟಿ. ಶಿಲ್ಪಿಯದು ಕಳೆಯುವ ಕಲೆ. ಒಮ್ಮೆ ತೆಗೆದ ಚೂರನ್ನು ಮತ್ತೆ ಅಂಟಿಸುವಂತಿಲ್ಲ. ಅವನ ಎಚ್ಚರವೆಲ್ಲ ಹುಟ್ಟಿದ್ದು ಈ ನಿರ್ಬಂಧದಿಂದ. ಬಿದ್ದ ಚೂರಾದರೋ ಕಲ್ಲೇ; ಮಣ್ಣಿನಿಂದ ಬಂದದ್ದು ಮಣ್ಣಿಗೆ ಸೇರಿತು.

ಅದೇ ಊರಿನಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹುಟ್ಟಿ ಲೇತ್ ಯಂತ್ರಗಳನ್ನು ಮಾಡಿತು. ಕಲ್ಲನ್ನು ಕಡೆದ ಊರಿಗೆ ಏಳು ಶತಮಾನಗಳ ಮೇಲೆ ಲೋಹವನ್ನು ಕಡೆಯುವ ಯಂತ್ರ ಬಂದದ್ದು ಕಾಕತಾಳೀಯವಿರಬಹುದು, ಆದರೂ ಸೊಗಸಾದ ಕಾಕತಾಳೀಯ. ಆ ಕಾರ್ಖಾನೆ ಇಂದು ಇಲ್ಲ. ಲೇತಿನಿಂದ ಸುರುಳಿ ಸುರುಳಿಯಾಗಿ ಉದುರುವ ಲೋಹದ ಸಿಪ್ಪೆಯೂ ಕರಗಿ ಮತ್ತೆ ಲೋಹವಾಗಬಲ್ಲದು.

ಮೂರನೆಯ ಉದಾಹರಣೆ ಇಷ್ಟು ಸರಳವಲ್ಲ. ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದಲ್ಲಿ 1972ರಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಮರದಿಂದ ರೇಯಾನಿಗೆ ಬೇಕಾದ ತಿರುಳನ್ನು ತೆಗೆಯತೊಡಗಿತು. ನದಿಯ ನೀರು ಕೆಡುತ್ತಿದೆಯೆಂದು 1980ರ ದಶಕದಲ್ಲಿ ಸಮಾಜ ಪರಿವರ್ತನ ಸಮುದಾಯವು ಹೋರಾಟ ಹೂಡಿತು. ಮರವು ರೇಷ್ಮೆಯಂತೆ ಹೊಳೆಯುವ ನೂಲಾಗುವುದು ಬುದ್ಧಿಯ ದೊಡ್ಡ ಸಾಹಸವೇ, ಸಂದೇಹವಿಲ್ಲ. ಆದರೆ ಅಂಥ ಬಟ್ಟೆಯ ನುಣುಪನ್ನು ಹೊಗಳುವ ರಸಿಕನು ನದಿಯನ್ನು ಲೆಕ್ಕದಿಂದ ಬಿಟ್ಟರೆ, ಊಟವನ್ನು ಹೊಗಳಿ ಅಡುಗೆಮನೆಯ ಕಡೆ ತಿರುಗಿ ನೋಡದ ನೆಂಟನಂತಾಗುತ್ತಾನೆ.

ಇನ್ನು ದಾವಣಗೆರೆ. ಹತ್ತಿಯ ಗಿರಣಿಗಳ ದೆಸೆಯಿಂದ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನ್ನಿಸಿಕೊಂಡಿದ್ದ ಊರು. ಆ ಗಿರಣಿಗಳ ಸದ್ದು ಅಡಗಿದೆ. ಆದರೆ ಬಟ್ಟೆಯ ಅತ್ಯುತ್ತಮ ವಿಮರ್ಶೆ ಈ ಸೀಮೆಯ ಮನೆಗಳಲ್ಲಿ ಇನ್ನೂ ಉಳಿದಿದೆ. ನಾನು ಹೇಳುತ್ತಿರುವುದು ಕೌದಿಯ ವಿಷಯ. ಕೌದಿ ಹೊಲಿಯುವವಳು ಮೊದಲು ಬಟ್ಟೆಯನ್ನು ಓದಬೇಕು. ಸೀರೆಯ ಒಡಲು ಸವೆದಿರುತ್ತದೆ. ಅಂಚು, ಸೆರಗು ಗಟ್ಟಿಯಾಗಿರುತ್ತವೆ. ಸವೆದದ್ದು ಒಳಪದರಕ್ಕೆ, ಗಟ್ಟಿಯಾದದ್ದು ಮೇಲಕ್ಕೆ. ನಮ್ಮ ಮನೆಯಲ್ಲಿ ಅಜ್ಜಿ ಹೊಲಿದ ಕೌದಿಯೊಂದಿದೆ. ಅದರ ನಡುವೆ ಅವಳ ಇಳಕಲ್ ಸೀರೆಯ ಕೆಂಪು ಸೆರಗು, ಸುತ್ತ ಅಜ್ಜನ ಧೋತರ, ಮಕ್ಕಳ ಲಂಗ. ಸೆರಗು ನಡುವೆ ಬಂದದ್ದು ಅಂದಕ್ಕೋ ಗಟ್ಟಿತನಕ್ಕೋ ಎಂದು ಕೇಳಿದರೆ ಎರಡನ್ನೂ ಬಿಡಿಸಿ ಹೇಳಲಾಗದು. ಕ್ಷೇಮೇಂದ್ರನು ಔಚಿತ್ಯವೆಂದು ಕರೆದದ್ದು ಇದನ್ನೇ ಅಲ್ಲವೆ? ಸಾಲು ಸಾಲಾದ ಹೊಲಿಗೆಯೂ ಬರಿಯ ಅಲಂಕಾರವಲ್ಲ. ಪದರಗಳನ್ನು ಹಿಡಿದು ನಿಲ್ಲಿಸುವುದು ಅದೇ.

ಹಾಗೆಂದು ಉಳಿತಾಯವೇ ಸೌಂದರ್ಯವೆನ್ನಲು ಬರುವುದಿಲ್ಲ. ಹಾಗಾಗಿದ್ದರೆ ಚಿಂದಿಯ ಗಂಟೆಲ್ಲ ಕಲೆಯಾಗಬೇಕಿತ್ತು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡುಗಳ ಸಿದ್ದಿ ಹೆಂಗಸರು ತಮ್ಮ ಕೌದಿಯನ್ನು ಅಂಚಿನಿಂದ ಸುತ್ತುತ್ತ ನಡುವಿನ ಕಡೆಗೆ ಹೊಲಿಯುತ್ತಾರೆ. ಕೊನೆಯಲ್ಲಿ ನಾಲ್ಕು ಮೂಲೆಗಳಿಗೂ ಬಟ್ಟೆಯನ್ನು ಮೂರು ಮೂಲೆಯಾಗಿ ಮಡಿಸಿ ‘ಫೂಲ’ಗಳನ್ನು ಇಡುತ್ತಾರೆ. ಈ ಹೂವಿನಿಂದ ಚಳಿ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಆದರೂ ಅದಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ. ಬಡತನದಲ್ಲಿಯೂ ಬೇಕಾದ್ದಕ್ಕಿಂತ ಒಂದು ಗುಲಗಂಜಿ ಹೆಚ್ಚನ್ನು ಬಯಸುವ ಈ ಮನಸ್ಸೇ ಕಸುಬನ್ನು ಕಲೆಯಾಗಿಸುತ್ತದೆ.

ಈಗ ಪೇಟೆಯ ಕೌದಿಗೆ ಬರೋಣ. ಹರಕು ಬಟ್ಟೆಯ ಸೊಗಸು ನಗರದ ವಿನ್ಯಾಸಕರ ಕಣ್ಣಿಗೆ ಬಿದ್ದಿದೆ. ಕೆಲವರು ದರ್ಜಿಗಳ ಬಳಿ ಉಳಿದ ತುಂಡುಗಳನ್ನು ತಂದು, ಹಳ್ಳಿಯ ಹೆಂಗಸರಿಂದ ಹೊಲಿಸಿ ಮಾರುತ್ತಾರೆ. ಇದು ಒಳ್ಳೆಯ ಕೆಲಸ. ಹೊಲಿದವಳಿಗೆ ಸಲ್ಲಬೇಕಾದ ಕೂಲಿ ಸಲ್ಲುವವರೆಗೆ. ಮತ್ತೆ ಕೆಲವರು ಹೊಸ ಥಾನನ್ನೇ ಕತ್ತರಿಸಿ, ಹಳತರಂತೆ ಕಾಣುವ ಹಾಗೆ ಬಣ್ಣ ಕೆಡಿಸಿ, ತೇಪೆ ಹಾಕುತ್ತಾರೆ. ಇದು ನನಗೆ ಒಪ್ಪದು. ನಾಲ್ಕು ಹಳಗನ್ನಡ ಪದಗಳನ್ನು ತುರುಕಿದವನು ಪಂಪನಾಗುವುದಿಲ್ಲ. ಅಜ್ಜಿಯ ಕೌದಿಯಲ್ಲಿ ತುಂಡಿನ ಆಕಾರವನ್ನು ಗೊತ್ತುಮಾಡಿದ್ದು ಸವೆತ; ಇಲ್ಲಿ ಗೊತ್ತುಮಾಡುವುದು ಸವೆತದ ಅನುಕರಣೆ. ಅಲ್ಲಿ ಕಸ ಕಡಿಮೆಯಾಯಿತು. ಇಲ್ಲಿ ಕಸದ ವೇಷ ತೊಡಿಸಲು ಹೊಸ ಕಸ ಹುಟ್ಟಿತು.

ಹಳೆಯದನ್ನು ನಾನು ಪೂಜೆಗೆ ಇಡುತ್ತಿದ್ದೇನೆಂದು ವಾಚಕರು ಭಾವಿಸಬಾರದು. ಕೌದಿ ಹುಟ್ಟಿದ್ದು ಇಲ್ಲದಿಕೆಯಿಂದ. ಹೊದೆಯಲು ಹೊಸ ಕಂಬಳಿ ಸಿಕ್ಕಿದ್ದರೆ ನಮ್ಮ ಅಜ್ಜಿಯೂ ರಾತ್ರಿಯೆಲ್ಲ ಸೂಜಿ ಹಿಡಿದು ಕೂರುತ್ತಿರಲಿಲ್ಲವೇನೋ. ಆ ಬಡತನ ಮರಳಿ ಬರಲೆಂದು ಹಾರೈಸುವುದು ಕ್ರೂರ. ನಾವು ಉಳಿಸಿಕೊಳ್ಳಬೇಕಾದದ್ದು ಬಡತನ ಕಲಿಸಿದ ವಿವೇಕವನ್ನು, ಬಡತನವನ್ನಲ್ಲ.

ಆ ವಿವೇಕಕ್ಕೆ ನಮ್ಮ ಸಾಹಿತ್ಯದಲ್ಲಿ ಒಬ್ಬ ಸಾಕ್ಷಿಯಿದ್ದಾಳೆ. ಆಯ್ದಕ್ಕಿ ಮಾರಯ್ಯನು ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಶರಣ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ಒಪ್ಪದೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದಳೆಂದು ಕಥೆ. ಚೆಲ್ಲಿದ್ದನ್ನು ಆಯುವುದು ಗಂಡನ ಕಾಯಕವಾದರೆ, ಆಯ್ದದ್ದಕ್ಕೂ ಒಂದು ಮಿತಿಯಿದೆಯೆಂದು ತಿಳಿದದ್ದು ಹೆಂಡತಿಯ ಜ್ಞಾನ. ಕಸದಿಂದ ರಸ ತೆಗೆಯುತ್ತೇವೆಂದು ಹೇಳಿಕೊಂಡು ಕಸವನ್ನೇ ಹೆಚ್ಚಿಸುತ್ತಿರುವ ಇಂದಿನ ವ್ಯಾಪಾರಕ್ಕೆ ಲಕ್ಕಮ್ಮನಿಗಿಂತ ಕಟುವಾದ ವಿಮರ್ಶಕಿ ಬೇಕಿಲ್ಲ.

ಅಂಗಡಿಯಲ್ಲಿ ಕೌದಿ ಕೊಳ್ಳುವವರು ಅದರ ಬೆನ್ನನ್ನು ತಿರುವಿ ನೋಡಲಿ. ಮುಖ ಯಾರಿಗಾದರೂ ಚೆಂದ ಕಾಣುವಂತೆ ಮಾಡಬಹುದು. ಹೊಲಿಗೆ ಎಲ್ಲಿ ನಿಂತಿತು, ಎಲ್ಲಿ ಮತ್ತೆ ಹಿಡಿಯಿತು, ಒಳಗೆ ಯಾವ ಬಟ್ಟೆ ಹೋಯಿತು ಎಂಬುದನ್ನು ಬೆನ್ನು ಹೇಳುತ್ತದೆ. ಆಮೇಲೆ ಹೊಲಿದವಳಿಗೆ ಎಷ್ಟು ಸಂದಿತೆಂದು ಅಂಗಡಿಯವರನ್ನು ಕೇಳಲಿ. ಅದೂ ವಿಮರ್ಶೆಯ ಪ್ರಶ್ನೆಯೇ.