ಮುಟ್ಟುವ ಬಾಯಿಗೆ ಒಂದೇ ಹುಲ್ಲು

ಪುಸ್ತಕ ಬಿಡುಗಡೆ ಸಮಾರಂಭಗಳಲ್ಲಿ ಭಾಷಣಕಾರರು ‘ಆಡು ಮುಟ್ಟದ ಸೊಪ್ಪಿಲ್ಲ, ಇವರು ಬರೆಯದ ಪ್ರಕಾರವಿಲ್ಲ’ ಎಂದಾಗಲೆಲ್ಲ ನನಗೆ ಒಳಗೊಳಗೇ ನಗು. ಅದು ಹೊಗಳಿಕೆಯೋ ಚುಚ್ಚುಮಾತೋ ಮೇಕೆ ಸಾಕಿದವರಿಗೆ ಗೊತ್ತು. ಗಾದೆಯಲ್ಲಿರುವುದು ತಿನ್ನುವ ಮಾತಲ್ಲ, ಮುಟ್ಟುವ ಮಾತು. ಬೇಲಿ ಪಕ್ಕ ಬಿಟ್ಟ ಮೇಕೆಯನ್ನು ಅರ್ಧ ಗಂಟೆ ನೋಡಿ. ಕಾರೆಗಿಡದಲ್ಲಿ ನಾಲ್ಕು ಎಲೆ, ಬನ್ನಿಯಲ್ಲಿ ಎರಡು ಚಿಗುರು, ಹಿಂಗಾಲ ಮೇಲೆ ನಿಂತು ಬೇವಿನ ಕೊಂಬೆಗೊಂದು ಬಾಯಿ, ಕೆಳಗೆ ಉದುರಿದ ಕರಿಜಾಲಿ ಕಾಯಿ ಒಂದೆರಡು, ಮತ್ತೆ ಮುಂದಿನ ಗಿಡ. ಒಂದೇ ಕಡೆ ನಿಂತು ಹೊಟ್ಟೆ ತುಂಬಿಸಿಕೊಳ್ಳುವುದು ಹಸುವಿನ ಜಾಯಮಾನ, ಮೇಕೆಯದ್ದಲ್ಲ. (ಗಾದೆಗೆ ಅಪವಾದವೂ ಉಂಟು: ಆಡುಸೋಗೆಗೆ ಹಳ್ಳಿಗಳಲ್ಲಿ ‘ಆಡು ಮುಟ್ಟದ ಸೊಪ್ಪು’ ಎಂದೇ ಹೆಸರು.)

ಈ ಗಾದೆಯನ್ನೇ ತಕ್ಕಡಿ ಮಾಡಿಕೊಂಡು ಅಟ್ಟಣಿಗೆ ಮೇಕೆ ಸಾಕಣೆಯನ್ನು ತೂಗಿ ನೋಡಬೇಕೆನ್ನಿಸಿದೆ. ಶಿರಾ, ಮಧುಗಿರಿ, ಪಾವಗಡದ ಕಡೆ ಬಸ್ಸಿನಲ್ಲಿ ಹೋದರೆ ಹೊಲಗಳ ನಡುವೆ ಅಲ್ಲಲ್ಲಿ ತಗಡಿನ ಶೆಡ್ಡುಗಳು ಕಾಣುತ್ತವೆ. ನೆಲದಿಂದ ನಾಲ್ಕೈದು ಅಡಿ ಎತ್ತರದಲ್ಲಿ ಮರದ ಪಟ್ಟಿ ಇಲ್ಲವೇ ಪ್ಲಾಸ್ಟಿಕ್ ಜಾಲರಿಯ ಹಾಸು, ಪಟ್ಟಿಗಳ ನಡುವೆ ಬೆರಳು ತೂರುವಷ್ಟು ಸಂದು. ಹಿಕ್ಕೆ, ಗಂಜಳ ಕೆಳಗೆ ಬೀಳುತ್ತವೆ, ಮೇಕೆ ಮೇಲೆಯೇ ಇರುತ್ತದೆ. ಮೇವು ಅದರ ಬಾಯಿಗೆ ಬರುತ್ತದೆ.

ಒಳ್ಳೆಯದನ್ನು ಮೊದಲು ಹೇಳಿಬಿಡಬೇಕು, ಏಕೆಂದರೆ ಅದು ನಿಜಕ್ಕೂ ಒಳ್ಳೆಯದು. ಮಳೆಗಾಲದ ರೊಪ್ಪ ನೋಡಿದವರಿಗೆ ಒಣ ಹಾಸಿನ ಬೆಲೆ ತಿಳಿದೀತು. ಕೆಸರಿನಲ್ಲಿ ಗೊರಸು ಕೊಳೆಯುವುದಿಲ್ಲ, ಮರಿಗಳು ತೇವದಲ್ಲಿ ಮಲಗಿ ಕೆಮ್ಮುವುದಿಲ್ಲ. ಜಂತುವಿನ ಕಾಟವಂತೂ ಬಹಳ ತಗ್ಗುತ್ತದೆ. ಹೊಟ್ಟೆಯೊಳಗೆ ಕೂತು ರಕ್ತ ಹೀರುವ ಜಂತುವಿನ ಮರಿಹುಳುಗಳು ಇಬ್ಬನಿ ಬಿದ್ದ ಹುಲ್ಲಿನ ಎಸಳು ಹತ್ತಿ ಕಾಯುತ್ತವೆ. ತಲೆ ಎತ್ತಿ ಸೊಪ್ಪು ತಿನ್ನುವುದೇ ಹುಟ್ಟುಗುಣವಾದ ಮೇಕೆಗೆ ಈ ಜಂತುವನ್ನು ತಡೆದುಕೊಳ್ಳುವ ಶಕ್ತಿ ಕುರಿಗಿಂತ ಕಡಿಮೆ. ಹಾಗಾಗಿ ಸವೆದ ಹುಲ್ಲುಗಾವಲಿನಲ್ಲಿ ನೆಲ ನೆಕ್ಕುವಂತೆ ಮೇಯುವ ಮೇಕೆಗಿಂತ ಅಟ್ಟಣಿಗೆಯ ಮೇಕೆ ಸುಖಿ. ಒಂದೇ ಕಡೆ ಶೇಖರವಾಗುವ ಹಿಕ್ಕೆಗೆ ತೆಂಗು, ಅಡಿಕೆಯವರು ಮುಂಗಡ ಕೊಟ್ಟು ಕಾಯುತ್ತಾರೆ. ಚಿರತೆ, ನಾಯಿ, ಕಳ್ಳರ ಭಯವೂ ಕಡಿಮೆ.

ಇಷ್ಟೆಲ್ಲ ಗೆದ್ದ ಪದ್ಧತಿ ಗೋದಲಿಯಲ್ಲಿ ಸೋಲುತ್ತದೆ.

ಶೆಡ್ಡಿನ ಜೊತೆಗೇ ಬರುವ ಮೇವಿನ ಲೆಕ್ಕ ಹೀಗಿರುತ್ತದೆ: ಬೆಳೆದ ಮೇಕೆಗೆ ದಿನಕ್ಕೆ ನಾಲ್ಕು ಕಿಲೋ ಹಸಿಮೇವು, ಒಂದು ಕಿಲೋ ಒಣಮೇವು, ಕಾಲು ಕಿಲೋ ಹಿಂಡಿ ಮಿಶ್ರಣ. ಅಂಕಿಗಳಲ್ಲಿ ತಪ್ಪಿಲ್ಲ. ತಪ್ಪಿರುವುದು ಹಸಿಮೇವು ಎಂದರೆ ನೇಪಿಯರ್ ಹುಲ್ಲು ಎಂದು ಓದಿಕೊಳ್ಳುವುದರಲ್ಲಿ. ಎಮ್ಮೆಗೆ, ಹಸುವಿಗೆ ಅದು ವರವೇ. ಮೇಕೆಗೆ ಅದರ ಎಲೆ ಬೇಕು, ದಂಟು ಬೇಡ. ನಾನು ಹನ್ನೆರಡು ಮೇಕೆಗೆ ಅಟ್ಟಣಿಗೆ ಕಟ್ಟಿದ ಮೊದಲ ವರ್ಷ ಹೊರೆ ಹೊರೆ ನೇಪಿಯರ್ ತಂದು ಸುರಿದೆ. ಅವು ಎಲೆ ಬಿಡಿಸಿಕೊಂಡು ತಿಂದು, ದಂಟನ್ನು ತುಳಿದು, ನನ್ನ ಮುಖ ನೋಡುತ್ತ ನಿಂತವು. ಒಮ್ಮೆ ತುಳಿದದ್ದನ್ನು, ಗಂಜಳ ಸೋಕಿದ್ದನ್ನು ಮೇಕೆ ಮತ್ತೆ ಮೂಸಿಯೂ ನೋಡುವುದಿಲ್ಲ. ಸಿಕ್ಕಿದ್ದೆಲ್ಲ ತಿನ್ನುವ ಪ್ರಾಣಿ ಎಂದು ನಾವು ಆಡಿಕೊಳ್ಳುವ ಇದರಷ್ಟು ಮಡಿವಂತ ಪ್ರಾಣಿ ಕೊಟ್ಟಿಗೆಯಲ್ಲಿ ಇನ್ನೊಂದಿಲ್ಲ.

ಸಾರದ ಲೆಕ್ಕವೂ ಇದೆ. ನೇಪಿಯರ್‌ನ ಒಣತೂಕದಲ್ಲಿ ಪ್ರೋಟೀನು ಸುಮಾರು ಶೇ 8–10. ನುಗ್ಗೆ, ಅಗಸೆ, ಹಿಪ್ಪುನೇರಳೆ, ಸುಬಾಬುಲ್ ಸೊಪ್ಪಿನಲ್ಲಿ ಅದು ಶೇ 20ರ ಆಚೀಚೆ. ಹುಲ್ಲಿನ ಕೊರತೆಯನ್ನು ಹಿಂಡಿ, ಬೂಸಾ ಚೀಲಗಳಿಂದ ತುಂಬಲು ಹೊರಟಾಗ ಲಾಭ ಮೇವಿನ ಅಂಗಡಿಗೆ ಹೋಗುತ್ತದೆ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಬೂಸಾದಲ್ಲಿ ರಂಜಕ ಹೆಚ್ಚು, ಸುಣ್ಣದ ಅಂಶ ಕಡಿಮೆ. ಅದನ್ನೇ ತಿಂದು ಬೆಳೆದ ಹೋತದ ಮರಿಗಳಿಗೆ ಮೂತ್ರನಾಳದಲ್ಲಿ ಕಲ್ಲು ಕಟ್ಟುತ್ತದೆ. ಬಕ್ರೀದಿಗೋ ವರ್ಷದ ತೊಡಕಿಗೋ ಒಳ್ಳೆ ಬೆಲೆ ಬರಲಿ ಎಂದು ಮೈ ತುಂಬಿಸಿದ ಹೋತ ಉಚ್ಚೆ ಹೊಯ್ಯಲಾಗದೆ ನರಳುವುದನ್ನು ನೋಡುವುದು ಕಷ್ಟ. ಅನ್ನದ್ದೂ ಇದೇ ಕತೆ. ಮದುವೆಮನೆಯಲ್ಲಿ ಮಿಕ್ಕ ಅನ್ನವನ್ನು ದಂಡವಾಗದಿರಲಿ ಎಂದು ಬಕೆಟ್‌ಗಟ್ಟಲೆ ಹಾಕಿ ನಾನೇ ಒಂದು ಗಬ್ಬದ ಮೇಕೆಯನ್ನು ಕಳೆದುಕೊಂಡಿದ್ದೇನೆ. ಹೊಟ್ಟೆಯಲ್ಲಿ ಹುಳಿಯೇರಿ, ಮೆಲುಕು ನಿಂತು, ಮರುದಿನ ಬೆಳಿಗ್ಗೆಗೆ ಕಾಲು ಚಾಚಿತ್ತು.

ಹಾಗೆಂದು ನೇಪಿಯರ್ ತೆಗೆದು ಆ ಜಾಗಕ್ಕೆ ಸುಬಾಬುಲ್ ಒಂದನ್ನೇ ತಂದರೂ ತಪ್ಪು ತಪ್ಪೇ. ಅದರ ಸೊಪ್ಪು ಮೇವಿನ ಮೂರನೇ ಒಂದು ಪಾಲು ಮೀರಿದರೆ ಅದರಲ್ಲಿರುವ ಮಿಮೊಸಿನ್ ಎಂಬ ವಿಷಾಂಶ ಕೂದಲು ಉದುರಿಸಬಲ್ಲದು. ಹವಾಯಿ ದ್ವೀಪದ ಆಡುಗಳು ಅದನ್ನೇ ತಿಂದೂ ಆರಾಮವಾಗಿದ್ದುದನ್ನು ಆಸ್ಟ್ರೇಲಿಯಾದ ವಿಜ್ಞಾನಿ ರೇಮಂಡ್ ಜೋನ್ಸ್ ಗಮನಿಸಿದರು. ಆ ವಿಷವನ್ನು ಒಡೆಯುವ ಸೂಕ್ಷ್ಮಜೀವಿ ಅವುಗಳ ಹೊಟ್ಟೆಯಲ್ಲಿ ಸಿಕ್ಕಿತು. 1980ರ ದಶಕದಲ್ಲಿ ಅದನ್ನು ಆಸ್ಟ್ರೇಲಿಯಾದ ದನಗಳ ಹೊಟ್ಟೆಗೂ ದಾಟಿಸಿದರು. ನಮ್ಮಂಥವರಿಗೆ ಅಷ್ಟು ದೂರದ ಉಪಾಯ ಬೇಕಿಲ್ಲ. ನಾಲ್ಕು ಸೊಪ್ಪು ಬೆರೆಸಿ ಹಾಕಿದರೆ ಯಾವುದೂ ವಿಷದ ಮಟ್ಟಕ್ಕೆ ಏರುವುದಿಲ್ಲ. ಗಾದೆಯ ‘ಮುಟ್ಟು’ವಿನ ಗುಟ್ಟು ಇದೇ ಇರಬೇಕು.

ಇನ್ನು ಗಾತ್ರದ ಮಾತು. 2021ರಲ್ಲಿ ಪರಿಷ್ಕರಿಸಿದ ರಾಷ್ಟ್ರೀಯ ಜಾನುವಾರು ಮಿಷನ್ ಶೇ 50ರ ಸಹಾಯಧನ ಕೊಡುತ್ತದೆ: 100 ಹೆಣ್ಣು, 5 ಹೋತದ ಘಟಕಕ್ಕೆ 10 ಲಕ್ಷದವರೆಗೆ, 500 ಹೆಣ್ಣು, 25 ಹೋತದ ಘಟಕಕ್ಕೆ 50 ಲಕ್ಷದವರೆಗೆ. ಇಪ್ಪತ್ತು ಮೇಕೆಗೇ ದಿನಕ್ಕೆ 80 ಕಿಲೋ ಹಸಿಮೇವು, ವರ್ಷಕ್ಕೆ 29 ಟನ್. ನೂರಕ್ಕೆ ಅದರ ಐದರಷ್ಟು. ಎರಡೆಕರೆ ಖುಷ್ಕಿಯವನು ಈ ಪಟ್ಟಿಯ ಬಾಗಿಲಲ್ಲೇ ನಿಲ್ಲುತ್ತಾನೆ. ಇಪ್ಪತ್ತೇ ಮೇಕೆಯಿದ್ದರೂ 80 ಕಿಲೋ ಎಂದರೆ ಮೂರ್ನಾಲ್ಕು ತಲೆಹೊರೆ, ಆ ತಲೆ ಬಹುಪಾಲು ಹೆಂಗಸರದ್ದು. ಯೋಜನಾ ವರದಿಯ ಕೂಲಿ ಕಾಲಮ್ಮಿನಲ್ಲಿ ಅವರ ಸುಳಿವಿರುವುದಿಲ್ಲ.

ತಳಿಯ ವಿಷಯದಲ್ಲಿ ಒಂದು ವ್ಯಂಗ್ಯವನ್ನಷ್ಟೇ ಹೇಳಿ ಮುಂದೆ ಹೋಗುತ್ತೇನೆ. ಶೆಡ್ಡಿನವರ ಮೆಚ್ಚಿನ ಜಮುನಾಪಾರಿ ಉತ್ತರ ಪ್ರದೇಶದ ಇಟಾವಾ ಕಡೆಯ, ಯಮುನಾ–ಚಂಬಲ್ ಕಣಿವೆಗಳ ಆಡು. ಆ ಉದ್ದ ಕಾಲುಗಳು ಪೊದೆಗಳಿಗೆ ಬಾಯಿ ಎಟುಕಲೆಂದು ಬಂದವು. ಅದನ್ನು ತಂದು ಹತ್ತು ಹನ್ನೆರಡು ಚದರಡಿಯಲ್ಲಿ ನಿಲ್ಲಿಸಿ ಹುಲ್ಲು ಹಾಕುತ್ತೇವೆ. ನಮ್ಮದೇ ನಂದಿದುರ್ಗ ಮೇಕೆ ಪಕ್ಕದ ಗುಡ್ಡದಲ್ಲಿ ಮೇಯುತ್ತಿರುತ್ತದೆ.

ಹಾಗಾದರೆ ಬಿಟ್ಟು ಮೇಯಿಸುವುದೇ ಸರಿಯೇ? ಎಲ್ಲಿಗೆ ಬಿಡುವುದು? ನೂರು ದನಕ್ಕೆ 30 ಎಕರೆ ಗೋಮಾಳ ಇರಬೇಕೆಂದು ಭೂಕಂದಾಯ ನಿಯಮವೇ ಹೇಳುತ್ತದೆ. ಅಷ್ಟು ಉಳಿದ ಊರನ್ನು ನೀವು ತೋರಿಸಿ, ನಾನು ಮೇಕೆ ಹೊಡೆದುಕೊಂಡು ಬರುತ್ತೇನೆ. ಕಾಡು ಹಾಳಾಗಿದ್ದು ಮೇಕೆಯಿಂದ ಎಂಬ ಆರೋಪವೂ ಹಳೆಯದು. ಅದನ್ನು ವಿಚಾರಿಸಲೆಂದೇ ನೇಮಕವಾದ ಸಿ.ಎಚ್. ಹನುಮಂತರಾವ್ ಕಾರ್ಯಪಡೆ 1987ರ ವರದಿಯಲ್ಲಿ ಆ ಆರೋಪಕ್ಕೆ ಗಟ್ಟಿ ಆಧಾರ ಕಾಣಲಿಲ್ಲ. ಆದರೂ ಬೇಲಿ, ಸೋಲಾರ್ ತಂತಿ, ಲೇಔಟುಗಳು ವರದಿ ಓದಿ ಏಳುವುದಿಲ್ಲ. ಅಟ್ಟಣಿಗೆ ಬಂದದ್ದು ಮೇಕೆಗೆ ಅದು ಒಗ್ಗುತ್ತದೆಂದಲ್ಲ, ನೆಲ ಕೈಬಿಟ್ಟದ್ದಕ್ಕೆ. ಇದನ್ನು ಒಪ್ಪಿಕೊಂಡು ಮಾತಾಡಿದರೆ ಪದ್ಧತಿಯನ್ನು ತಿದ್ದಬಹುದು.

ತಿದ್ದುವುದು ಹೇಗೆಂದು ನನಗೆ ಗೊತ್ತಾದದ್ದು ಆರು ಮೇಕೆ ಇಟ್ಟುಕೊಂಡಿರುವ ನಮ್ಮ ದೊಡ್ಡಮ್ಮನಿಂದ. ಅವರು ಇಬ್ಬನಿ ಆರಿದ ಮೇಲೆ, ಹತ್ತು ಗಂಟೆಗೆ ಮೇಕೆ ಬಿಡುತ್ತಾರೆ. ಜಂತುವಿನ ಹೆಸರು ಕೇಳಿದವರಲ್ಲ. ‘ಇಬ್ಬನಿ ಹುಲ್ಲು ತಿಂದ್ರೆ ಉಚ್ಚಿಕೊಳ್ತವೆ ಕಣಪ್ಪ’ ಅನ್ನುವುದಷ್ಟೇ ಅವರ ಶಾಸ್ತ್ರ. ನಾಲ್ಕು ಗಂಟೆಗೆ ವಾಪಸು. ಅಷ್ಟರಲ್ಲಿ ದೋಟಿ ಹಿಡಿದು ಅಗಸೆ, ಹಲಸು, ಗೊಬ್ಬರದ ಗಿಡದ ಸೊಪ್ಪಿಳಿಸಿ, ಕಂತೆ ಕಟ್ಟಿ, ಮೇಕೆಯ ತಲೆಗಿಂತ ತುಸು ಮೇಲೆ ತೂಗುಬಿಟ್ಟಿರುತ್ತಾರೆ. ತುಳಿತವಿಲ್ಲ, ದಂಡವಿಲ್ಲ. ಬೇಸಿಗೆಗೆ ತೊಗರಿ ಹೊಟ್ಟು, ಹುರುಳಿ ಹೊಟ್ಟು ಗೂಡೆಯಲ್ಲಿರುತ್ತದೆ.

ಅವರಿಗೆ ನನ್ನ ಅಟ್ಟಣಿಗೆ ತೋರಿಸಿದೆ. ಹಾಸಿನ ಮೇಲೆ ಕೈಯಾಡಿಸಿ, ‘ಒಣಗೈತೆ, ಚೆನ್ನಾಗೈತೆ’ ಎಂದರು. ಆಮೇಲೆ ಸುತ್ತ ನೋಡಿ, ‘ಗಿಡ ಎಲ್ಲಪ್ಪ?’ ಎಂದು ಕೇಳಿದರು. ಇದಕ್ಕಿಂತ ಚಿಕ್ಕ ವಿಮರ್ಶೆಯನ್ನು ನಾನು ಓದಿಲ್ಲ. ಶೆಡ್ಡಿಗೆ ಹಾಕಿದ ದುಡ್ಡಿನಲ್ಲಿ ಹತ್ತನೇ ಒಂದು ಪಾಲನ್ನು ಎರಡು ವರ್ಷ ಮೊದಲೇ ಬದುವಿನ ಸಸಿಗಳಿಗೆ ಹಾಕಿದ್ದರೆ ನನ್ನ ಹಿಂಡಿಯ ಸಾಲ ಇರುತ್ತಿರಲಿಲ್ಲ.

ಈಗ ಬದುವಿನ ಅಗಸೆ ಆಳುದ್ದ ಬೆಳೆದಿದೆ. ನೇಪಿಯರ್ ಒಂದು ಮಡಿಯಷ್ಟು ಉಳಿಸಿಕೊಂಡು, ಎಳೆಯದಿರುವಾಗಲೇ ಕೊಯ್ದು ಹಾಕುತ್ತೇನೆ. ಸಂಜೆ ಕಂತೆಗಳು ಅಟ್ಟಣಿಗೆಯಲ್ಲೇ ತೂಗುತ್ತವೆ. ಆದರೂ ಬೆಳಿಗ್ಗೆ ಹತ್ತಾಗುತ್ತಲೇ ಹನ್ನೆರಡೂ ಬಂದು ಬಾಗಿಲಿಗೆ ಹಣೆ ಒತ್ತಿ ನಿಲ್ಲುತ್ತವೆ.