ಕುಣಿಸುವ ವಿಡಿಯೊ ಗೇಮ್‌ಗಳು ಮಕ್ಕಳ ತೂಕ ಇಳಿಸುತ್ತವೆಯೇ?

ದುಂಡಗಿನ ಕೂಸನ್ನು ‘ಗುಂಡ’ ಎಂದು ಮುದ್ದಿಸುವವರೂ ನಾವೇ, ಅದೇ ಕೂಸಿಗೆ ಹತ್ತು ವರ್ಷವಾದಾಗ ‘ಸ್ವಲ್ಪ ಓಡಾಡಬಾರದೇ?’ ಎಂದು ಗದರುವವರೂ ನಾವೇ. ಗದರಿಕೆಯಿಂದ ಯಾವ ಮಗುವೂ ಓಡಿದ್ದನ್ನು ನಾನು ಕಂಡಿಲ್ಲ. ಆದ್ದರಿಂದಲೇ ಇರಬೇಕು, ನಮ್ಮ ಸಂಘದ ಕೂಟಗಳಲ್ಲಿ ಈಚೆಗೆ ಒಂದು ಸಲಹೆ ಮತ್ತೆ ಮತ್ತೆ ಕೇಳಿಬರುತ್ತಿದೆ: ಕೂತು ಆಡುವ ಗೇಮಿನ ಬದಲು ಕುಣಿದು ಆಡುವ ಗೇಮ್ ಕೊಡಿಸಿ, ಮಗುವಿಗೂ ಖುಷಿ, ಮೈಯೂ ಕರಗುತ್ತದೆ. ‘ಇದು ಸಂಶೋಧನೆಯಿಂದ ಸಾಬೀತಾಗಿದೆ’ ಎಂದೂ ಕೆಲವರು ಸೇರಿಸುತ್ತಾರೆ. ನಾನು ವೈದ್ಯೆಯಲ್ಲ, ಇಬ್ಬರು ಮಕ್ಕಳ ತಾಯಿ. ಆದರೆ ಆ ಸಂಶೋಧನೆಗಳು ಏನು ಹೇಳುತ್ತವೆ, ನೈರೋಬಿಯ ನಮ್ಮ ಮನೆಗಳಿಗೆ ಎಷ್ಟು ಒಪ್ಪುತ್ತವೆ ಎಂಬುದನ್ನು ಓದಿ ಪರಿಶೀಲಿಸುವುದು ಈ ಬರಹದ ಉದ್ದೇಶ.

ಮೊದಲು ಸಮಸ್ಯೆ ನಿಜವೇ ಎಂದು ನೋಡೋಣ. 2011ರಿಂದ 2013ರವರೆಗೆ 12 ದೇಶಗಳಲ್ಲಿ 9ರಿಂದ 11 ವರ್ಷದ ಮಕ್ಕಳ ತೂಕ ಮತ್ತು ಜೀವನಶೈಲಿಯ ದೊಡ್ಡದೊಂದು ಅಧ್ಯಯನ ನಡೆಯಿತು. ಅದರ ಕೇಂದ್ರಗಳಲ್ಲಿ ನಮ್ಮ ಎರಡೂ ಊರುಗಳು ಇದ್ದವು: ಬೆಂಗಳೂರಿನಲ್ಲಿ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ, ನೈರೋಬಿಯಲ್ಲಿ ಕೆನ್ಯಾಟ್ಟಾ ವಿಶ್ವವಿದ್ಯಾಲಯ. ನೈರೋಬಿಯಲ್ಲಿ ಅಳೆದ 563 ಮಕ್ಕಳಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ತೂಕ ಹೆಚ್ಚಿತ್ತು. ದಿನಕ್ಕೆ 60 ನಿಮಿಷ ಮೈದಣಿಸುವ ಚಟುವಟಿಕೆ ಬೇಕು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಟ್ಟವನ್ನು ಮುಟ್ಟಿದವರು ಶೇಕಡಾ 12.6 ಮಾತ್ರ. ಕೆನ್ಯಾದಲ್ಲಿ ಹೆತ್ತವರ ಓದು ಹೆಚ್ಚಿದಷ್ಟೂ ಮಗುವಿನ ತೂಕವೂ ಹೆಚ್ಚಿರುವುದು ಕಂಡುಬಂತು. ಓದಿದವರು, ಕಾರಿನಲ್ಲಿ ಮಕ್ಕಳನ್ನು ಶಾಲೆಗೆ ಬಿಡುವವರು ಎಂದರೆ ನಾವೇ ತಾನೆ? ಈ ಅಧ್ಯಯನಕ್ಕೆ ಹಣ ಕೊಟ್ಟದ್ದು ಕೋಕಾ ಕೋಲಾ ಕಂಪನಿ ಎಂಬುದನ್ನೂ ಓದುಗರು ನೆನಪಿಡಬೇಕು. ಅಂಕಿಗಳನ್ನು ನಾನು ಅನುಮಾನಿಸುವುದಿಲ್ಲ. ಆದರೆ ತಂಪು ಪಾನೀಯದ ಹಣದಿಂದ ‘ಮಕ್ಕಳು ಓಡುತ್ತಿಲ್ಲ’ ಎಂಬ ಮಾತು ಹೊರಟಾಗ, ‘ಏನು ಕುಡಿಯುತ್ತಿದ್ದಾರೆ?’ ಎಂಬ ಪ್ರಶ್ನೆಯನ್ನು ನಾವೇ ಮರೆಯದೆ ಕೇಳಿಕೊಳ್ಳಬೇಕು.

ಇನ್ನು ಗೇಮ್‌ಗಳ ಕಥೆ. ಕಾಲಿನಿಂದ ಬಾಣದ ಗುರುತುಗಳನ್ನು ತುಳಿಯುವ ‘ಡಾನ್ಸ್ ಡಾನ್ಸ್ ರೆವಲ್ಯೂಷನ್’ 1998ರಲ್ಲಿ ಜಪಾನಿನಲ್ಲಿ ಬಂತು. 2006ರಲ್ಲಿ ನಿಂಟೆಂಡೊ ಕಂಪನಿಯ ‘ವೀ’, 2010ರಲ್ಲಿ ಮೈಕ್ರೋಸಾಫ್ಟ್‌ನ ‘ಕಿನೆಕ್ಟ್’ ಬಂದವು. ಸಂಶೋಧಕರೂ ಹಿಂದೆಯೇ ಬಂದರು.

2007ರಲ್ಲಿ ಲಿವರ್‌ಪೂಲ್‌ನ ಸಂಶೋಧಕರು 13ರಿಂದ 15 ವರ್ಷದ 11 ಮಕ್ಕಳಿಗೆ ‘ವೀ’ಯ ಟೆನ್ನಿಸ್, ಬೌಲಿಂಗ್, ಬಾಕ್ಸಿಂಗ್ ಆಡಿಸಿ ಶಕ್ತಿಯ ಖರ್ಚನ್ನು ಅಳೆದರು. ಕೂತು ಆಡುವುದಕ್ಕಿಂತ ಖರ್ಚು ಹೆಚ್ಚು, ನಿಜವಾದ ಆಟಕ್ಕಿಂತ ಕಡಿಮೆ. ದಿನದ ವ್ಯಾಯಾಮದ ಲೆಕ್ಕಕ್ಕೆ ಹಿಡಿಯುವಷ್ಟು ಅಲ್ಲ ಎಂದರು. ಇದು ಪ್ರಯೋಗಾಲಯದ ಮಾತು. ಮನೆಯಲ್ಲಿ ಏನಾಗುತ್ತದೆ? ಹ್ಯೂಸ್ಟನ್‌ನಲ್ಲಿ 9ರಿಂದ 12 ವರ್ಷದ 78 ಮಕ್ಕಳಿಗೆ ‘ವೀ’ ಕೊಟ್ಟು, ಅರ್ಧದಷ್ಟು ಮಂದಿಗೆ ಕುಣಿಯುವ ಗೇಮ್, ಉಳಿದವರಿಗೆ ಕೂತು ಆಡುವ ಗೇಮ್ ಕೊಟ್ಟರು. ಸೊಂಟಕ್ಕೆ ಚಲನೆ ಅಳೆಯುವ ಯಂತ್ರ ಕಟ್ಟಿ 13 ವಾರ ನೋಡಿದರು. 2012ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡು ಗುಂಪುಗಳ ಚಟುವಟಿಕೆಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಯಂತ್ರ ಮನೆಗೆ ಬಂತು, ಓಟ ಬರಲಿಲ್ಲ.

ಗೇಮ್ ಪರ ವಾದಿಸುವವರು ಆಕ್ಲೆಂಡ್‌ನ ಅಧ್ಯಯನವನ್ನು ಮುಂದಿಡುತ್ತಾರೆ. ಅದು ಗಂಭೀರವಾದ ಅಧ್ಯಯನವೇ: 10ರಿಂದ 14 ವರ್ಷದ, ತೂಕ ಹೆಚ್ಚಿದ್ದ 322 ಮಕ್ಕಳು, 24 ವಾರ. ಕುಣಿಯುವ ಗೇಮ್ ಸಿಕ್ಕವರ ದೇಹ ತೂಕ ಸೂಚ್ಯಂಕ ಉಳಿದವರಿಗಿಂತ 0.24ರಷ್ಟು ಕಡಿಮೆ ಇತ್ತು. ಕೇಳಲು ಚೆನ್ನಾಗಿದೆ. ಆದರೆ 1.4 ಮೀಟರ್ ಎತ್ತರದ ಮಗುವಿಗೆ ಲೆಕ್ಕ ಹಾಕಿದರೆ ಅದು ಅರ್ಧ ಕೆ.ಜಿ.ಗಿಂತ ತುಸು ಕಡಿಮೆ. ಆರು ತಿಂಗಳ ಕುಣಿತಕ್ಕೆ ಇಷ್ಟು. ಇದನ್ನು ಸುಳ್ಳೆನ್ನಲಾಗದು, ಪವಾಡ ಎನ್ನಲೂ ಆಗದು.

ನನಗೆ ಹೆಚ್ಚು ಮುಖ್ಯವೆನಿಸಿದ್ದು 2018ರಲ್ಲಿ ಅಮೆರಿಕದ ಲೂಯಿಸಿಯಾನ ರಾಜ್ಯದ ಬ್ಯಾಟನ್ ರೂಜ್‌ನಿಂದ ಪ್ರಕಟವಾದ ಅಧ್ಯಯನ. 12 ದೇಶಗಳ ಆ ಅಧ್ಯಯನವನ್ನು ನಡೆಸಿದ ಪೆನ್ನಿಂಗ್ಟನ್ ಸಂಸ್ಥೆಯೇ ಇದನ್ನೂ ನಡೆಸಿತು. 10ರಿಂದ 12 ವರ್ಷದ 46 ಮಕ್ಕಳಲ್ಲಿ ಒಂದು ಗುಂಪಿಗೆ ‘ಕಿನೆಕ್ಟ್’ ಕೊಟ್ಟು, ವಾರಕ್ಕೆ ಮೂರು ಗಂಟೆಯ ಗುರಿ ಇಟ್ಟು, ವಿಡಿಯೊ ಕರೆಯಲ್ಲಿ ತರಬೇತುದಾರರು ನಿಯಮಿತವಾಗಿ ಮಾತಾಡಿಸಿದರು. ಮನೆಯವರನ್ನೂ ಸೇರಿಸಿಕೊಂಡರು. 24 ವಾರಗಳ ನಂತರ ವಯಸ್ಸಿಗೆ ಹೊಂದಿಸಿ ನೋಡಿದ ಅವರ ತೂಕದ ಅಂಕ ಶೇಕಡಾ 3ರಷ್ಟು ಇಳಿದಿತ್ತು. ಏನೂ ಕೊಡದ ಗುಂಪಿನಲ್ಲಿ ಶೇಕಡಾ 1ರಷ್ಟು ಏರಿತ್ತು. ಬಹುತೇಕ ಮಕ್ಕಳು ನಡುವೆ ಬಿಟ್ಟು ಹೋಗಲೂ ಇಲ್ಲ.

ಇಲ್ಲಿ ವಿಮರ್ಶೆಯ ಪ್ರಶ್ನೆ ಹುಟ್ಟುತ್ತದೆ. ಕೆಲಸ ಮಾಡಿದ್ದು ಯಂತ್ರವೇ, ಮನುಷ್ಯರೇ? ಎರಡನೆಯ ಗುಂಪಿಗೆ ತರಬೇತುದಾರರೂ ಇರಲಿಲ್ಲ, ಗೇಮೂ ಇರಲಿಲ್ಲ. ಹಾಗಾಗಿ ಈ ಅಧ್ಯಯನದಿಂದ ಎರಡನ್ನೂ ಬೇರ್ಪಡಿಸಲಾಗದು. ಹ್ಯೂಸ್ಟನ್ ಮತ್ತು ಬ್ಯಾಟನ್ ರೂಜ್‌ಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ನನ್ನ ಅನುಮಾನ ಒಂದೇ ಕಡೆ ವಾಲುತ್ತದೆ: ‘ಈ ವಾರ ಹೇಗಾಯಿತು?’ ಎಂದು ಕೇಳುವ ಒಬ್ಬ ವ್ಯಕ್ತಿ ಇಲ್ಲದಿದ್ದರೆ ಪೆಟ್ಟಿಗೆ ಮೂಲೆ ಸೇರುತ್ತದೆ. ಕಿನೆಕ್ಟ್ ತಯಾರಿಕೆಯೇ 2017ರಲ್ಲಿ ನಿಂತುಹೋಯಿತು. ಕಂಪನಿಗೂ ಬೇಡವಾದ ಯಂತ್ರದ ಮೇಲೆ ಮಗುವಿನ ಅಭ್ಯಾಸವನ್ನು ಕಟ್ಟುವುದು ಹೇಗೆ?

ಅಳತೆಯ ಬಗ್ಗೆಯೂ ಒಂದು ಮಾತು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಿಂದ ನಡೆದ ಪಾರ್ಥಿನಾನ್ ಅಧ್ಯಯನ, ನಮ್ಮ ಕಡೆಯ ಶಿಶುಗಳು ಹುಟ್ಟುವಾಗ ಚಿಕ್ಕದಾಗಿದ್ದರೂ ಬೆನ್ನಿನ ಭಾಗದ ಕೊಬ್ಬು ಅಷ್ಟಾಗಿ ಕಡಿಮೆ ಇರುವುದಿಲ್ಲ ಎಂದು ತೋರಿಸಿತು. ಅಂದರೆ ನಮ್ಮ ಮಕ್ಕಳ ವಿಷಯದಲ್ಲಿ ತಕ್ಕಡಿಯೊಂದನ್ನೇ ನಂಬುವಂತಿಲ್ಲ. ಸಣಕಲು ಮಗುವಿಗೂ ಓಟ ಬೇಕು. ಹಾಗಿರುವಾಗ ದಪ್ಪಗಿನ ಮಗುವನ್ನು ಮಾತ್ರ ಎತ್ತಿ ‘ನೀನು ಕುಣಿ’ ಎನ್ನುವುದು ವಿಜ್ಞಾನವೂ ಅಲ್ಲ, ಮರ್ಯಾದೆಯೂ ಅಲ್ಲ.

‘ಟಿವಿ ಆರಿಸಿ ಬಯಲಿಗೆ ಕಳಿಸಿ’ ಎನ್ನುವ ಹಿರಿಯರ ವಾದವನ್ನೂ ನಾನು ಪೂರ್ತಿ ಒಪ್ಪಲಾರೆ. ನಮ್ಮ ಊರಿನಲ್ಲಿ ಇದ್ದಂತೆ ಲಗೋರಿಗೆ ಬೀದಿ ಇಲ್ಲಿಲ್ಲ. ಸಮಭಾಜಕದ ಬಳಿಯ ಈ ನಗರದಲ್ಲಿ ವರ್ಷವಿಡೀ ಸಂಜೆ ಸುಮಾರು ಆರೂವರೆಯ ಹೊತ್ತಿಗೆ ಸೂರ್ಯಾಸ್ತ. ಶಾಲೆಯ ವ್ಯಾನು ಟ್ರಾಫಿಕ್ ದಾಟಿ ಗೇಟಿನೊಳಗೆ ಬರುವಷ್ಟರಲ್ಲಿ ಬೆಳಕು ಮುಗಿದಿರುತ್ತದೆ. ಏಪ್ರಿಲ್, ನವೆಂಬರ್‌ಗಳಲ್ಲಿ ಮಳೆ. ಇನ್ನೊಂದು ಸಂಗತಿ, ಮೈದಾನದಲ್ಲಿ ‘ಏ ದಪ್ಪ’ ಎಂಬ ನಗೆಗೆ ಹೆದರಿ ಅಂಚಿನಲ್ಲಿ ನಿಲ್ಲುವ ಮಗುವಿಗೆ, ಮುಚ್ಚಿದ ಕೋಣೆಯ ಪರದೆ ನಗುವುದಿಲ್ಲ. ಮೊದಲ ಹೆಜ್ಜೆಯಾಗಿ ಗೇಮಿಗೆ ಇರುವ ದೊಡ್ಡ ಗುಣ ಇದೇ ಎಂದು ನನಗೆ ತೋರುತ್ತದೆ. ಆದರೆ ಅದು ಹೊಸಿಲು, ಮನೆಯಲ್ಲ. ಭಾನುವಾರದ ಬೆಳಕು ನಮಗಿದೆ, ಕರೂರಾ ಕಾಡಿದೆ, ಸಿಟಿ ಪಾರ್ಕ್ ಇದೆ, ಅರ್ಬೊರೇಟಂ ಇದೆ. ಇಲ್ಲಿಯ ಮಕ್ಕಳು ಆಡುವ ‘ಕಾಟಿ’ಯಲ್ಲೂ ಚೆಂಡಿನೇಟು ತಪ್ಪಿಸಿಕೊಂಡು ಓಡಬೇಕು, ಲಗೋರಿ ಬಲ್ಲವರಿಗೆ ಅದು ಹೊಸದೇನಲ್ಲ.

ಆದ್ದರಿಂದ ಸಂಘಕ್ಕೆ ನನ್ನ ಸೂಚನೆ ಇಷ್ಟು. ಯಂತ್ರ ಕೊಳ್ಳುವುದಾದರೆ ಕೊಳ್ಳೋಣ. ಜೊತೆಗೆ ಪ್ರತಿ ಶನಿವಾರ ಒಂದು ಗಂಟೆ ಮಕ್ಕಳ ಜೊತೆ ಕುಣಿಯಲು ಇಬ್ಬರು ದೊಡ್ಡವರ ಹೆಸರನ್ನು ಮೊದಲೇ ಬರೆದುಕೊಳ್ಳೋಣ. ಆ ಎರಡು ಹೆಸರು ಸಿಗದಿದ್ದರೆ ಹಣ ಉಳಿಸೋಣ. ಎಲ್ಲ ಮಕ್ಕಳನ್ನೂ ಕರೆಯೋಣ, ಯಾರನ್ನೂ ತೂಗುವುದು ಬೇಡ. ಆಡಿದ ನಿಮಿಷಗಳನ್ನು ಮಾತ್ರ ಬರೆದಿಡೋಣ. ಕೂಟದ ಊಟದ ಮೇಜಿನಿಂದ ಸೋಡಾ ಬಾಟಲಿಗಳನ್ನು ತೆಗೆದು ಮಜ್ಜಿಗೆ ಇಡೋಣ. ಆರು ತಿಂಗಳ ನಂತರ ಆ ನಿಮಿಷಗಳ ಪುಸ್ತಕವನ್ನು ಸದಸ್ಯರ ಮುಂದಿಟ್ಟು, ಮುಂದುವರಿಸಬೇಕೇ ಬೇಡವೇ ಎಂದು ನಿರ್ಧರಿಸಬಹುದು.