ಬಣ್ಣ ಬಂತು, ಭಯ ಹೋಯಿತು

ಇಟಲಿಯ ನಿರ್ದೇಶಕ ಆಂಟೋನಿಯೊ ಮಾರ್ಗೆರಿಟಿ 1964ರಲ್ಲಿ ತೆರೆಗೆ ತಂದ ‘ಡಾನ್ಸಾ ಮಕಾಬ್ರಾ’ ಚಿತ್ರವನ್ನು ಏಳು ವರ್ಷಗಳ ಮೇಲೆ ತಾನೇ ಮತ್ತೊಮ್ಮೆ ತೆಗೆದ. ಈ ಸಲ ಬಣ್ಣ, ಅಗಲ ಪರದೆ, ನಾಯಕನಾಗಿ ಅಮೆರಿಕದ ಆಂಥನಿ ಫ್ರಾನ್ಸಿಯೋಸಾ, ಎಡ್ಗರ್ ಅಲನ್ ಪೋ ಆಗಿ ಕ್ಲಾಸ್ ಕಿನ್ಸ್‌ಕಿ. ಸಂಗೀತ ಮೊದಲಿನಂತೆ ರಿಜ್ ಒರ್ಟೊಲಾನಿಯದೇ. ಇಷ್ಟೆಲ್ಲ ಕೂಡಿಬಂದರೂ 1971ರ ‘ವೆಬ್ ಆಫ್ ದ ಸ್ಪೈಡರ್’ ನನಗೆ ಕೊಟ್ಟಷ್ಟು ನಿರಾಸೆಯನ್ನು ಇಟಲಿಯ ಬೇರಾವ ದೆವ್ವದ ಚಿತ್ರವೂ ಕೊಟ್ಟಿಲ್ಲ.

ಕಥೆ ಎರಡರಲ್ಲೂ ಒಂದೇ. ಪತ್ರಕರ್ತ ಅಲನ್ ಫಾಸ್ಟರ್ ಪಂದ್ಯ ಕಟ್ಟಿ ಪಾಳುಕೋಟೆಯಲ್ಲಿ ಒಂದು ರಾತ್ರಿ ಕಳೆಯಲು ಹೋಗುತ್ತಾನೆ. ಅಲ್ಲಿ ಸತ್ತವರು ವರ್ಷಕ್ಕೊಮ್ಮೆ ಎದ್ದು ತಮ್ಮ ತಮ್ಮ ಸಾವನ್ನು ಮತ್ತೆ ಆಡಿ ತೋರಿಸುತ್ತಾರೆ. ಮುಂದಿನ ವರ್ಷ ಏಳಬೇಕಾದರೆ ಅವರಿಗೆ ಬದುಕಿರುವವನ ರಕ್ತ ಬೇಕು. ಅವರಲ್ಲೊಬ್ಬಳಾದ ಎಲಿಸಬೆತ್‌ಗೆ ಅವನು ಮನಸೋಲುತ್ತಾನೆ.

ಸುಮಾರು ಎರಡು ವಾರಗಳಲ್ಲಿ ಮುಗಿಸಿದ 1964ರ ಕಪ್ಪು-ಬಿಳುಪು ಚಿತ್ರದಲ್ಲಿ ಎಲಿಸಬೆತ್ ಆದ ಬಾರ್ಬರಾ ಸ್ಟೀಲ್‌ಳ ಮುಖ ಕತ್ತಲೊಳಗಿಂದ ಬಿಡಿಸಿಕೊಂಡು ಬರುತ್ತದೆ. ಮೊದಲು ಕಣ್ಣು, ಆಮೇಲೆ ಕೆನ್ನೆಯೆಲುಬು. ಫಾಸ್ಟರ್ ಮೇಣದಬತ್ತಿ ಹಿಡಿದು ಕೋಣೆಯಿಂದ ಕೋಣೆಗೆ ನಡೆಯುವಾಗ ಬೆಳಕು ಮುಟ್ಟದ ಮೂಲೆಗಳನ್ನು ನಾವೇ ತುಂಬಿಕೊಳ್ಳುತ್ತೇವೆ. ನಮ್ಮ ಹೆಮ್ಮರಗಾಲದ ವೇಣುಗೋಪಾಲಸ್ವಾಮಿ ಗುಡಿಯಲ್ಲಿ ಮಂಗಳಾರತಿಗೆ ಕಾದು ನಿಂತವರಿಗೆ ಇದು ಗೊತ್ತು. ಮಬ್ಬಿನಲ್ಲಿ ಕಣ್ಣು ತಾನಾಗಿ ಹುಡುಕುತ್ತಿರುತ್ತದೆ, ಆರತಿ ಮೇಲೇರಿದ ಗಳಿಗೆಯಲ್ಲಿ ಕಂಡ ಮೂರ್ತಿ ಮನಸ್ಸಿನಲ್ಲಿ ನಿಂತುಬಿಡುತ್ತದೆ. ಎರಡನೆಯ ಚಿತ್ರದಲ್ಲಿ ಈ ಹುಡುಕಾಟಕ್ಕೆ ಜಾಗವೇ ಇಲ್ಲ. ಗೋಡೆ, ಪರದೆ, ಮಂಚ ಎಲ್ಲವೂ ಢಾಳಾಗಿ ಕಾಣುತ್ತವೆ. ಇಲ್ಲಿ ಎಲಿಸಬೆತ್ ಆದ ಮಿಶೆಲ್ ಮರ್ಸಿಯೆ ಚೆಲುವೆ, ಆದರೆ ಸತ್ತವಳೆಂದು ನಂಬುವುದಕ್ಕೆ ಆಗುವುದಿಲ್ಲ. ಬಣ್ಣ ಹಾಕಿ ಕೆಡಿಸಿದೆನೆಂದು ಮಾರ್ಗೆರಿಟಿಯೇ ಮುಂದೆ ಮರುಗಿದ್ದುಂಟು.

ಹಾಗೆಂದು ಬಣ್ಣವನ್ನೇ ದೂರಲಾರೆ. ಮಾರಿಯೊ ಬಾವಾ 1963ರಲ್ಲೇ ‘ದ ವಿಪ್ ಅಂಡ್ ದ ಬಾಡಿ’ಯಲ್ಲಿ ನೀಲಿ, ನೇರಳೆ ಬೆಳಕಿನಿಂದಲೇ ಎದೆ ನಡುಗಿಸಿದ್ದ. ನಮ್ಮ ‘ನಾ ನಿನ್ನ ಬಿಡಲಾರೆ’ (1979) ಕೂಡ ಬಣ್ಣದ್ದೇ. ಅಲ್ಲಿ ಕೋಟೆಯೂ ಬೇಕಾಗಲಿಲ್ಲ. ಹೆಣ್ಣುದೆವ್ವ ಮೈಮೇಲೆ ಬಂದ ಗಂಡನಾಗಿ ಅನಂತ್‌ನಾಗ್ ನೋಟ ಬದಲಿಸಿದರೆ ಸಾಕು, ಕೂತವರ ಕೈಕಾಲು ತಣ್ಣಗಾಗುತ್ತಿದ್ದವು. ಬಾವಾ ಬಣ್ಣವನ್ನು ಭಯಕ್ಕೆ ದುಡಿಸಿಕೊಂಡ. ಮಾರ್ಗೆರಿಟಿ ಕಪ್ಪು-ಬಿಳುಪಿಗಾಗಿ ಕಟ್ಟಿದ್ದ ದೃಶ್ಯಗಳನ್ನೇ ತಂದು ಬಣ್ಣದ ಬೆಳಕಿನಲ್ಲಿ ನಿಲ್ಲಿಸಿದ.

ಕಿನ್ಸ್‌ಕಿಯದು ಮಾತ್ರ ಬೇರೆಯೇ ಲೆಕ್ಕ. ನೆಲಮಾಳಿಗೆಯಲ್ಲಿ ಹುಚ್ಚನಂತೆ ಶವಪೆಟ್ಟಿಗೆ ಹುಡುಕುವ ಪೋ ಆಗಿ ಅವನು ಉರಿಯುತ್ತಾನೆ. ಆದರೆ ಆರಂಭ ಮತ್ತು ಕೊನೆ ಬಿಟ್ಟರೆ ಚಿತ್ರದಲ್ಲಿ ಅವನಿಲ್ಲ. ಆಸಕ್ತರು ಆ ಆರಂಭವನ್ನಷ್ಟು ನೋಡಿ ನಿಲ್ಲಿಸಿ, 1964ರದ್ದನ್ನು ಹಾಕಿಕೊಳ್ಳಿ. ಕತ್ತರಿ ಬಿದ್ದ ಅಮೆರಿಕದ ಪ್ರತಿ ಬೇಡ, ಅದಕ್ಕಿಂತ ಉದ್ದನೆಯ ಫ್ರೆಂಚ್ ಪ್ರತಿ ಸಿಕ್ಕರೆ ಅದನ್ನೇ ನೋಡಿ.